ವೇದಿಕೆಯ ಹಿಂದಿನ ಬಾಗಿಲು

ಸೇವೆ ಮಾಡಬೇಕು ಅಂತ ನಿನ್ನೆಯ ಪ್ರವಚನದಲ್ಲಿ ಹೇಳಿದೆ. ನೀವೆಲ್ಲ ತಲೆ ಆಡಿಸಿದಿರಿ. ತಲೆ ಆಡಿಸುವುದರಲ್ಲಿ ನಮ್ಮ ಜನ ಬಹಳ ಗಟ್ಟಿ, ಅದಕ್ಕೆ ಯಾವ ಕಾಲದಲ್ಲೂ ಬರಗಾಲ ಬಂದಿಲ್ಲ. ಇವತ್ತು ತಲೆ ಆಡಿಸಬೇಡಿ. ಸುಮ್ಮನೆ ಒಂದು ದೃಷ್ಟಾಂತ ಕೇಳಿ.

ಸಾಹುಕಾರನೊಬ್ಬ ಇದ್ದ, ಮೆಣಸಿನಕಾಯಿ ಪೇಟೆಯ ಒಂದು ಸಣ್ಣ ಊರಲ್ಲಿ. ಊರು ಯಾವುದು, ಅವನ ಹೆಸರೇನು ಅಂತ ಕೇಳಬೇಡಿ. ಹೇಳಿದರೆ ನಿಮ್ಮಲ್ಲಿ ನಾಲ್ಕು ಜನ ಎದ್ದು ಹೋಗುತ್ತೀರಿ, ಉಳಿದವರು ಆ ನಾಲ್ವರು ಯಾರು ಅಂತ ಹೊರಳಿ ನೋಡುತ್ತೀರಿ. ಸಾಹುಕಾರ ಅಂದರೆ ಸಾಕು. ಅವನಿಗೆ ನಾಲ್ಕು ವಖಾರಿಗಳಿದ್ದವು, ನೆಲದಿಂದ ಮಾಡಿನವರೆಗೆ ಮೆಣಸಿನಕಾಯಿ ಚೀಲ ತುಂಬಿದ ವಖಾರಿಗಳು. ಊರಿಗೆ ಬಸ್ಸು ಇಳಿದವನು ಮೊದಲು ಸೀನುತ್ತಿದ್ದ, ಆಮೇಲೆ ದಾರಿ ಕೇಳುತ್ತಿದ್ದ. ಅಂಥ ಊರು.

ಆ ಊರಿಗೆ ಬೆಂಕಿಯ ಭಯ. ಒಣಗಿದ ಮೆಣಸಿನಕಾಯಿ, ಒಣಗಿದ ಗೋಣಿಚೀಲ, ತಟ್ಟಿ ಕಟ್ಟಿದ ಅಂಗಡಿ. ಒಂದು ಬೇಸಿಗೆಯಲ್ಲಿ ಪೇಟೆಯ ಅರ್ಧ ಸುಟ್ಟುಹೋಯಿತು. ಬೆಂಕಿ ಆರಿಸುವ ಗಾಡಿ ಇದ್ದದ್ದು ಇಪ್ಪತ್ತೈದು ಮೈಲಿ ದೂರದ ಪಟ್ಟಣದಲ್ಲಿ. ಅದು ಬರುವಷ್ಟರಲ್ಲಿ ಸುಡುವುದಕ್ಕೆ ಏನೂ ಉಳಿದಿರಲಿಲ್ಲ. ಬಂದವರು ಬೂದಿಗೆ ನೀರು ಹೊಡೆದು, ಚಹಾ ಕುಡಿದು ಹೋದರು.

ಆಗ ಮುಂದೆ ಬಂದವನು ಒಬ್ಬ ಹಮಾಲ. ಚೀಲ ಹೊರುವವನು. ಅವನ ಹೆಸರು ಹೇಳುತ್ತೇನೆ, ಯಾಕೆಂದರೆ ಇನ್ನೂ ಯಾರೂ ಹೇಳಿಲ್ಲ. ನೂರಂದಪ್ಪ. ತನ್ನ ಜೊತೆಯ ಹನ್ನೊಂದು ಹಮಾಲರನ್ನು ಬೇವಿನ ಮರದ ಕೆಳಗೆ ಕೂರಿಸಿಕೊಂಡು ಅವನು ಹೇಳಿದ:

"ನಮ್ಮ ಊರ ಬೆಂಕಿ ನಾವ ಆರಸೂಣ. ಬ್ಯಾರೇದಾರು ಬರೂದ್ರಾಗ ಕೂಳೂ ಉಳಿಯೂದಿಲ್ಲ, ಕುಳ್ಳೂ ಉಳಿಯೂದಿಲ್ಲ."

ಬೇವಿನ ಮರಕ್ಕೆ ರೈಲು ಕಂಬಿಯ ಒಂದು ತುಂಡು ತೂಗುಹಾಕಿದರು. ಅದನ್ನು ಬಡಿದರೆ ಊರಿಗೆಲ್ಲ ಕೇಳಬೇಕು. ಅವರ ನಿಯಮ ಬಹಳ ಇರಲಿಲ್ಲ. ಬಡಿತ ಕೇಳಿದವನು ಕೈಯಲ್ಲಿದ್ದದ್ದು ಬಿಟ್ಟು ಓಡಿಬರಬೇಕು. ಯಾರ ಮನೆ ಅಂತ ಕೇಳಬಾರದು. ಬಂದ ಹಾಗೆ ಬಾವಿಯಿಂದ ಸಾಲು ನಿಂತು ಕೊಡ ದಾಟಿಸಬೇಕು. ಮೆಣಸಿನಕಾಯಿ ಹೊಗೆ ಕಣ್ಣು ಕೀಳುತ್ತದಲ್ಲ, ಅದಕ್ಕೆ ಮುಖಕ್ಕೆ ಒದ್ದೆ ಬಟ್ಟೆ ಕಟ್ಟಬೇಕು. ಅಷ್ಟೇ. ಅಮಾವಾಸ್ಯೆ ದಿನ ಹಮಾಲರಿಗೆ ಬಿಡುವು. ಆ ದಿನ ಬಾವಿಯಿಂದ ಊರ ಕಡೆಯ ಮನೆಯವರೆಗೆ ನೀರು ದಾಟಿಸಿ ಅಭ್ಯಾಸ ಮಾಡುತ್ತಿದ್ದರು. ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರೂ ಸೇರಿಕೊಂಡರು. ನೂರಂದಪ್ಪನ ಸೊಸೆ ಫಕೀರವ್ವ ಅವರಲ್ಲಿ ಮುಂದಾಳು. ಅವಳ ಕೈಯಲ್ಲಿ ತುಂಬಿದ ಕೊಡ ಒಂದು ಹನಿ ತುಳುಕದೆ ದಾಟುತ್ತಿತ್ತು.

ಏಳು ವರ್ಷ ಹೀಗೆ ನಡೆಯಿತು. ಎಷ್ಟು ಮನೆ ಉಳಿಸಿದರು? ಗೊತ್ತಿಲ್ಲ. ಅವರು ಎಣಿಸಲಿಲ್ಲ. ಎಣಿಸುವವರು ಆಮೇಲೆ ಬಂದರು.

ಹೇಗೆ ಬಂದರು, ನೋಡಿ. ಎಂಟನೆಯ ವರ್ಷ ಸಾಹುಕಾರನ ವಖಾರಿಯಲ್ಲೇ ಕಿಡಿ ಬಿತ್ತು. ನೂರಂದಪ್ಪನ ಪಡೆಯವರು ಓಡಿಬಂದು ಅರ್ಧ ಗಂಟೆಯಲ್ಲಿ ಆರಿಸಿದರು. ಸಾಹುಕಾರನಿಗೆ ಕಣ್ಣಲ್ಲಿ ನೀರು ಬಂತು. ಅರ್ಧ ಹೊಗೆಗೆ, ಅರ್ಧ ಖರೆ. ಅವನು ಕೆಟ್ಟವನಲ್ಲ, ಇದನ್ನು ನೆನಪಿಡಿ. ಕೆಟ್ಟವನಾಗಿದ್ದರೆ ನನ್ನ ಕೆಲಸ ಹಗುರಾಗುತ್ತಿತ್ತು, ನೀವೂ ಹಾಯಾಗಿ ಬೈದು ಮನೆಗೆ ಹೋಗುತ್ತಿದ್ದಿರಿ. ಅವನಿಗೆ ಇದ್ದದ್ದು ಒಂದೇ ಹಸಿವು. ಅವನ ಅಪ್ಪ ಬದುಕಿರುವವರೆಗೂ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಅವನನ್ನು ಹೆಸರು ಹಿಡಿದು ಕರೆಯಲಿಲ್ಲ. "ಏ ಮಂಕ, ಚೀಲ ತೂಗಿದೇನ?" ಅಂತಲೇ ಕರೆದ. ಅಪ್ಪ ಸತ್ತ ಮೇಲೆ ಮಗನಿಗೆ ತನ್ನ ಹೆಸರು ಎಷ್ಟು ಸಲ ಕೇಳಿದರೂ ಹೊಟ್ಟೆ ತುಂಬದಾಯಿತು.

ಕೃತಜ್ಞತೆಗೆ ಅವನು ನಲವತ್ತು ಕಬ್ಬಿಣದ ಬಕೆಟ್ ಕೊಟ್ಟ. ಒಳ್ಳೆಯದೇ ಅಲ್ಲವೇ? ಪ್ರತಿ ಬಕೆಟ್ಟಿನ ಮೇಲೂ ಕೆಂಪು ಬಣ್ಣದಲ್ಲಿ ಅವನ ಹೆಸರು, ಅವನ ಅಪ್ಪನ ಹೆಸರು, ಅಂಗಡಿಯ ಹೆಸರು. ಆಮೇಲೆ ಗಾಲಿಯ ಮೇಲೆ ಕೂರಿಸಿದ ಕೈಪಂಪು ಕೊಟ್ಟ. ಪಂಪು ಬಂದ ಮೇಲೆ ಅದನ್ನು ಉದ್ಘಾಟಿಸಬೇಡವೇ? ಉದ್ಘಾಟಿಸಿದವನು ಅಧ್ಯಕ್ಷನಾಗಬೇಡವೇ? ಅಧ್ಯಕ್ಷನಾದ ಮೇಲೆ ಉಪಾಧ್ಯಕ್ಷರಿಲ್ಲದೆ ನಡೆಯುತ್ತದೆಯೇ? ಇಬ್ಬರು ಉಪಾಧ್ಯಕ್ಷರು, ಒಬ್ಬ ಕಾರ್ಯದರ್ಶಿ, ಅವನಿಗೊಬ್ಬ ಸಹಕಾರ್ಯದರ್ಶಿ, ಸಲಹೆ ಕೊಡುವವರು ಹದಿನಾಲ್ಕು ಜನ, ಸಲಹೆ ಕೇಳುವವರು ಯಾರೂ ಇಲ್ಲ. ಒಟ್ಟು ಪದಾಧಿಕಾರಿಗಳು ಹತ್ತೊಂಬತ್ತು. ನೀರು ಹಾಕುವವರು ಮೊದಲಿನ ಹನ್ನೆರಡೇ. ನಗಬೇಡಿ. ನಿಮ್ಮ ಓಣಿಯ ಗಣಪತಿ ಮಂಡಳಿಯಲ್ಲಿ ಎಷ್ಟು ಜನ ಪದಾಧಿಕಾರಿಗಳಿದ್ದಾರೆ, ಗಣಪತಿಯನ್ನು ಎತ್ತುವವರು ಎಷ್ಟು ಜನ, ಎಣಿಸಿ ನೋಡಿ.

ಹೆಂಗಸರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ಸದಸ್ಯತ್ವ ಗಂಡಸರಿಗೆ ಮಾತ್ರ ಅಂತ ಬೈಲಾದಲ್ಲಿ ಬರೆದರು. ಫಕೀರವ್ವ ಮಾತ್ರ ಅಮಾವಾಸ್ಯೆಗೆ ನಾಲ್ಕು ಹೆಂಗಸರನ್ನು ಕರೆದುಕೊಂಡು ಬಂದೇ ಬರುತ್ತಿದ್ದಳು. ಅವಳಿಗೆ ಬೈಲಾ ಓದಲು ಬರುತ್ತಿರಲಿಲ್ಲ, ಅದು ಊರಿನ ಪುಣ್ಯ. ರೈಲು ಕಂಬಿ ಬಡಿಯುವುದಕ್ಕೆ ಅಧ್ಯಕ್ಷರ ಅಪ್ಪಣೆ ಬೇಕು ಅಂತ ಇನ್ನೊಂದು ಠರಾವು ಆಯಿತು. ಒಂದು ದಿನ ಕುಂಬಾರರ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಅಪ್ಪಣೆಗೆ ಹೋದರೆ ಅಧ್ಯಕ್ಷರು ಸ್ನಾನಕ್ಕೆ ಹೋಗಿದ್ದರು. ಸ್ನಾನ ಮುಗಿದು, ಪೂಜೆ ಮುಗಿದು, ವಿಭೂತಿ ಧರಿಸಿ ಅವರು ಹೊರಬರುವಷ್ಟರಲ್ಲಿ ಬಣವೆಯೂ ವಿಭೂತಿಯಾಗಿತ್ತು.

ನೂರಂದಪ್ಪ ಒಂದು ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡ. ಅವನದೊಂದು ಫೋಟೋ ಕೂಡ ಇರಲಿಲ್ಲ. ಅಲ್ಲಿಂದ ಮುಂದೆ ಅಮಾವಾಸ್ಯೆಯ ಅಭ್ಯಾಸವೂ ನಿಂತಿತು. ಪಂಪು ಒಂದು ಕೋಣೆ ಸೇರಿತು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಅದನ್ನು ಹೊರಗೆ ತಂದು ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದು, ಮತ್ತೆ ಒಳಗೆ ತಳ್ಳುತ್ತಿದ್ದರು. ಪಂಪಿಗೆ ನೀರು ಕುಡಿಸಿದವರು ಯಾರೂ ಇಲ್ಲ.

ಹೀಗೆ ಇಪ್ಪತ್ತೈದು ವರ್ಷ ತುಂಬಿತು. ರಜತ ಮಹೋತ್ಸವ! ಊರಿನ ನಿವೃತ್ತ ಮಾಸ್ತರರೊಬ್ಬರು ಕಾರ್ಯದರ್ಶಿ. ಅವರು ಪಡೆಯ ಇತಿಹಾಸ ಬರೆದರು. ತೊಂಬತ್ತಾರು ಪುಟ. ಕಡೆಯ ನಲವತ್ತೊಂದು ಪುಟದಲ್ಲಿ ಬರೀ ಅಧ್ಯಕ್ಷರ ಫೋಟೋ. ಅಧ್ಯಕ್ಷರು ಕುಳಿತದ್ದು, ನಿಂತದ್ದು, ಪಂಪಿನ ಮೇಲೆ ಕೈ ಇಟ್ಟದ್ದು, ಬಕೆಟ್ಟಿನ ಕಡೆ ಗಂಭೀರವಾಗಿ ನೋಡಿದ್ದು. ಅಚ್ಚಿಗೆ ಕೊಡುವ ಮೊದಲು ಮಾಸ್ತರರು ಸಾಹುಕಾರನ ಪಡಸಾಲೆಯಲ್ಲಿ ಕೂತು ಓದಿ ಹೇಳಿದರು: "ಪೂಜ್ಯ ಅಧ್ಯಕ್ಷರ ಪ್ರೇರಣೆಯಿಂದ, ಕೆಲವು ಕೂಲಿಕಾರರ ನೆರವಿನೊಂದಿಗೆ, ಈ ಪಡೆ ಜನ್ಮತಾಳಿತು."

ಸಾಹುಕಾರನಿಗೆ ಎಲೆಯಡಿಕೆ ಗಂಟಲಲ್ಲಿ ಸಿಕ್ಕಿತು.

"ಮಾಸ್ತರ, ಪಡೆ ಹುಟ್ಟಿದಾಗ ನಾ ಇರಲೇ ಇಲ್ಲಲ್ಲ?"

ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. "ನೀವು ಇರಲಿಲ್ರಿ, ಖರೆ. ನಿಮ್ಮ ಪ್ರೇರಣಾ ಇತ್ತಲ್ರಿ!"

ಸಾಹುಕಾರ ಎಲೆಯಡಿಕೆ ಉಗುಳಿದ. ನೂರಂದಪ್ಪನ ಮುಖ ಕಣ್ಣ ಮುಂದೆ ಬಂತು. ಆಮೇಲೆ, "ಹಂಗಿದ್ದರ ಇರಲಿ ಬಿಡ್ರಿ" ಅಂದ. ಕೇಳಿದಿರಾ? 'ಇರಲಿ ಬಿಡ್ರಿ.' ಜಗತ್ತಿನ ದೊಡ್ಡ ದೊಡ್ಡ ಸುಳ್ಳುಗಳೆಲ್ಲ ಹುಟ್ಟಿದ್ದು ಈ ಎರಡು ಮಾತಿನಿಂದ. ಸುಳ್ಳು ಹೇಳುವವನು ಒಬ್ಬನಿರುತ್ತಾನೆ, ಇರಲಿ ಬಿಡು ಅನ್ನುವವನು ಪಕ್ಕದಲ್ಲೇ ಇರುತ್ತಾನೆ.

ಸಮಾರಂಭಕ್ಕೆ ಜಾಗ ಹುಡುಕಿದರು. ಸಾಹುಕಾರನ ಹಳೆಯ ವಖಾರಿಯ ಮುಂದೆ ದೊಡ್ಡ ಬಯಲು. ವಖಾರಿಯ ಗೋಡೆಗೆ ಒರಗಿಸಿ ವೇದಿಕೆ ಕಟ್ಟಿದರೆ ಬ್ಯಾನರು ಕಟ್ಟಲು ಅನುಕೂಲ, ಗಾಳಿಗೆ ಹಾರುವುದಿಲ್ಲ. ಆದರೆ ವಖಾರಿಯ ದೊಡ್ಡ ಬಾಗಿಲು ಇದ್ದದ್ದೇ ಆ ಗೋಡೆಯಲ್ಲಿ. ಒಳಗೆ ಮೂವತ್ತು ಹೆಂಗಸರು ತೊಟ್ಟು ಬಿಡಿಸುತ್ತಿದ್ದರು. ಮಾಲು ಎರಡು ದಿನದಲ್ಲಿ ಲಾರಿಗೆ ಹೋಗಬೇಕಿತ್ತು, ಆದ್ದರಿಂದ ಸಮಾರಂಭದ ದಿನವೂ ಅವರಿಗೆ ಬಿಡುವಿಲ್ಲ.

"ಒಳಗ ಹೆಣ್ಮಕ್ಕಳು ಇರತಾರಲ್ರಿ?" ಅಂತ ಮಾಸ್ತರರು ಕೇಳಿದರು.

"ಹಿಂದಿನ ಬಾಗಿಲಾ ಐತಲ್ಲ" ಅಂದ ಸಾಹುಕಾರ. ಮುಂದಿನ ಬಾಗಿಲಿಗೆ ಹೊರಗಿನಿಂದ ಸರಪಳಿ ಹಾಕಿಸಿದ. ಅದರ ಮುಂದೆ ವೇದಿಕೆ ಎದ್ದಿತು. ಆ ಬೆಳಿಗ್ಗೆ ಹೆಂಗಸರು ಹಿಂದಿನ ಬಾಗಿಲಿನಿಂದಲೇ ಒಳಗೆ ಹೋದರು. ಆಮೇಲೆ ಹೊಸ ಮಾಲಿನ ಗಾಡಿ ಬಂತು. ಹಮಾಲರು ಅವಸರದಲ್ಲಿ ಚೀಲಗಳನ್ನು ಹಿಂದಿನ ಬಾಗಿಲಿನ ಒಳಮಗ್ಗುಲಿಗೇ ಬಾಗಿಲು ಮುಕ್ಕಾಲು ಮುಚ್ಚುವಷ್ಟು ಒಟ್ಟಿ, ಮೇಲಿನ ಸಂದಿಯಿಂದ ನುಸುಳಿ ಹೊರಬಂದು, ಸಮವಸ್ತ್ರ ಹಾಕಿಕೊಳ್ಳಲು ಓಡಿದರು. ಸಾಹುಕಾರ ಅದನ್ನು ನೋಡಿದ. ಜರಿ ರುಮಾಲು ಸುತ್ತಿಕೊಳ್ಳುತ್ತಿದ್ದ, ನೋಡಿಯೂ ಸುಮ್ಮನಾದ. ಸಂಜೆ ತೆಗೆಸಿದರಾಯಿತು ಅಂದುಕೊಂಡ.

ಯಾರದೋ ಫೋನು ಬಡಿಯುತ್ತಿದೆ. ಎತ್ತಿ ಮಾತಾಡಿಬಿಡಪ್ಪ, ನಾವು ಕಾಯುತ್ತೇವೆ. ಆಯಿತೇ? ಹೂಂ.

ಚೈತ್ರದ ಉರಿಬಿಸಿಲು, ನಡುಮಧ್ಯಾಹ್ನ. ವೇದಿಕೆಯ ಮೇಲೆ ಹತ್ತೊಂಬತ್ತು ಕುರ್ಚಿ. ಒಂದು ಪಕ್ಕಕ್ಕೆ ಪಂಪು, ಅದಕ್ಕೆ ಚೆಂಡುಹೂವಿನ ಹಾರ, ಬಾಳೆಕಂದು. ಇನ್ನೊಂದು ಪಕ್ಕಕ್ಕೆ, ನೂರಂದಪ್ಪನ ಜಾಗಕ್ಕೆ ಬಂದ ಹೊಸಬನೂ ಸೇರಿ ಹನ್ನೆರಡು ಜನ ಖಾಕಿ ಬಟ್ಟೆ ತೊಟ್ಟು, ನೀರಿನ ಪೈಪನ್ನು ಮದುವೆಯ ಮಾಲೆಯ ಹಾಗೆ ಹಿಡಿದು ನಿಂತಿದ್ದರು. ವಖಾರಿಯ ಮಗ್ಗುಲಿಗೆ ಅಡುಗೆಯ ಒಲೆಗಳು. ಎರಡು ಸಾವಿರ ಜನಕ್ಕೆ ಊಟ. ಸಾರು ಬಡಿಸಲು ಪಾತ್ರೆ ಸಾಲದೆ ಪಡೆಯ ನಲವತ್ತು ಬಕೆಟ್ಟುಗಳನ್ನೂ ಅಡುಗೆಯವರಿಗೆ ಕೊಟ್ಟಿದ್ದರು. ಬೆಂಕಿಗೆ ಹೋಗದ ಬಕೆಟ್ಟು ಊಟಕ್ಕಾದರೂ ಹೋಗಲಿ ಅಂತ.

ಆ ಒಲೆಯ ಒಂದು ಕಿಡಿ ವಖಾರಿಯ ಬೆಳಕಿಂಡಿಯಿಂದ ಒಳಗೆ ಹೋಗಿ ಹಿಂದಿನ ಬಾಗಿಲಿನ ಚೀಲದ ರಾಶಿಯ ಮೇಲೆ ಕೂತಿತು.

ಮಾಸ್ತರರು ಇತಿಹಾಸದ ಐವತ್ತೆರಡನೆಯ ಪುಟ ಓದುತ್ತಿದ್ದರು. ಓದು ಮುಗಿದ ಮೇಲೆ ಸಾಹುಕಾರನಿಗೆ ಬಿರುದು. ಏನು ಬಿರುದು ಗೊತ್ತೇ? 'ಅಗ್ನಿಬಂಧು'. ಬೆಂಕಿ ಆರಿಸುವ ಪಡೆಯ ಅಧ್ಯಕ್ಷನಿಗೆ ಬೆಂಕಿಯ ನೆಂಟ ಅಂತ ಬಿರುದು! ಹುಡುಕಿ ಹುಡುಕಿ ಇಟ್ಟಿದ್ದರು. ಸಾಹುಕಾರ ಕಣ್ಣುಮುಚ್ಚಿ ಆ ಶಬ್ದಕ್ಕಾಗಿ ಕಾಯುತ್ತಿದ್ದ.

ಆಗ ಅವನ ಮೂಗಿಗೆ ವಾಸನೆ ಬಡಿಯಿತು.

ಅದು ನಲವತ್ತು ವರ್ಷ ಮೆಣಸಿನಕಾಯಿ ನಡುವೆ ಬದುಕಿದ ಮೂಗು. ಒಗ್ಗರಣೆಯ ಘಾಟು ಬೇರೆ, ಗೋಣಿಚೀಲದ ಸಮೇತ ಮೆಣಸಿನಕಾಯಿ ಕಮರುವ ಘಾಟು ಬೇರೆ. ಎರಡನ್ನೂ ಆ ಮೂಗು ನಿದ್ದೆಯಲ್ಲೂ ಗುರುತಿಸುತ್ತಿತ್ತು. ಅವನಿಗೆ ಗೊತ್ತಾಯಿತು. ಗೊತ್ತಾಯಿತು, ಕೇಳಿಸಿಕೊಳ್ಳಿ! ಪಕ್ಕದ ಉಪಾಧ್ಯಕ್ಷ ಕೆಮ್ಮುತ್ತ, "ಏನ್ರೀ ಇದು ಘಾಟ?" ಅಂದ. ಸಾಹುಕಾರ ಅಂದ:

"ಏನಿಲ್ಲ. ಅಡಗಿಯವರು ಒಗ್ಗರಣಿ ಹಾಕಾಕತ್ತಾರ."

ಆ ಮಾತು ಕುರ್ಚಿಯಿಂದ ಕುರ್ಚಿಗೆ ದಾಟಿತು. ಮಾಸ್ತರರು ಓದು ನಿಲ್ಲಿಸಿ ಮೈಕಿನಲ್ಲೇ ಸಾರಿದರು: "ಮಹಾಜನರಲ್ಲಿ ವಿನಂತಿ, ಅದು ಊಟದ ಒಗ್ಗರಣೆ, ಯಾರೂ ಗಾಬರಿಪಡಬಾರದು." ಜನ ಕೆಮ್ಮುತ್ತ ಚಪ್ಪಾಳೆ ತಟ್ಟಿದರು. ಹೆಂಗಸರು ಸೆರಗು ಮೂಗಿಗೆ ಹಿಡಿದರು. ಮಾಸ್ತರರು ಐವತ್ತಮೂರಕ್ಕೆ ಹೋದರು.

ಆಗ ಸಾಹುಕಾರನ ಬೆನ್ನ ಹಿಂದೆ ಸದ್ದಾಯಿತು. ದಬ ದಬ ದಬ. ಬ್ಯಾನರಿನ ಹಿಂದೆ, ಬಾಗಿಲಿನ ಹಲಗೆಯ ಮೇಲೆ. ಬೇರೆಯವರಿಗೆ ಮೈಕಿನ ಅಬ್ಬರದಲ್ಲಿ ಕೇಳಲಿಲ್ಲ. ಅವನ ಕುರ್ಚಿ ಬಾಗಿಲಿಗೆ ಹತ್ತಿಕೊಂಡೇ ಇತ್ತು, ಬಡಿತ ಕುರ್ಚಿಯ ಬೆನ್ನಿಗೆ ಬಂದು ಅವನ ಬೆನ್ನಿಗೆ ತಾಗಿತು. ಡೊಳ್ಳಿನವರು ತಯಾರಾಗುತ್ತಿರಬೇಕು ಅಂದುಕೊಂಡ. ಡೊಳ್ಳಿನವರು ಎದುರಿಗೇ ನೆಲದ ಮೇಲೆ ಕೂತು ಬೀಡಿ ಸೇದುತ್ತಿದ್ದರು, ಅವನಿಗೆ ಕಾಣುತ್ತಿತ್ತು. ಆದರೂ ಡೊಳ್ಳು ಅಂದುಕೊಂಡ. ಇನ್ನು ಎರಡೇ ಪುಟ. ಬಿರುದು, ಹಾರ, ಒಂದು ಫೋಟೋ. ಆಮೇಲೆ ನೋಡಿದರಾಯಿತು.

ಎರಡು ಪುಟ ಓದುವುದಕ್ಕೆ ಎಷ್ಟು ಹೊತ್ತು? ಎರಡು ನಿಮಿಷ. ಹೊಗೆ ತುಂಬಿದ ಕೋಣೆಯಲ್ಲಿ ಎರಡು ನಿಮಿಷ ಅಂದರೆ ಎಷ್ಟು ಅಂತ ಈಗ ನಿಮ್ಮ ಮೂಗು ಬಿಗಿಹಿಡಿದು ನೋಡಿ. ಹಿಡಿಯಿರಿ. ಕೈ ಬಿಟ್ಟಿರಲ್ಲ ಆಗಲೇ?

ಒಳಗೆ ಮೂವತ್ತು ಹೆಂಗಸರು, ಗೋಣಿ ಜೋಲಿಯಲ್ಲಿ ಮಲಗಿದ್ದ ಮೂರು ಹಸುಗೂಸುಗಳು. ಹಿಂದೆ ಬೆಂಕಿ, ಮುಂದೆ ಸರಪಳಿ ಹಾಕಿದ ಬಾಗಿಲು. ಹೆಂಗಸರು ಫಕೀರವ್ವನನ್ನು ಹೆಗಲ ಮೇಲೆ ಎತ್ತಿ ಈಚೆಯ ಇನ್ನೊಂದು ಬೆಳಕಿಂಡಿಗೆ ಮುಟ್ಟಿಸಿದರು. ಅವಳು ಭುಜ ತರಚಿಕೊಂಡು ಹೊರಗೆ ಬಿದ್ದು, ಗೋಡೆ ಸುತ್ತಿ ಓಡಿ ವೇದಿಕೆಯ ಮೆಟ್ಟಿಲಿಗೆ ಬಂದಳು. ಮುಖವೆಲ್ಲ ಕರಿ, ಕಣ್ಣು ಕೆಂಡ. ಮೆಟ್ಟಿಲಲ್ಲಿ ಬ್ಯಾಜು ಹಾಕಿಕೊಂಡ ಸಹಕಾರ್ಯದರ್ಶಿ ಅಡ್ಡ ನಿಂತ.

"ಏ ಯವ್ವಾ, ಕಾರ್ಯಕ್ರಮ ನಡದೈತಿ, ಕಾಣಸಂಗಿಲ್ಲೇನ? ಊಟ ಆಮ್ಯಾಲ."

ಫಕೀರವ್ವ ಅವನನ್ನು ತಳ್ಳಿದಳು. ಅವನು ಪಂಪಿನ ಮೇಲೆ ಬಿದ್ದ. ಅವಳು ವೇದಿಕೆ ಏರಿ ಬ್ಯಾನರಿಗೆ ಕೈ ಹಾಕಿ ಹರಿದಳು. "ಬಾಗಿಲಾ ತಗೀರೋ! ಹೆಣ್ಮಕ್ಕಳು ಸಾಯಾಕತ್ತಾರ! ಬಾಗಿಲಾ!"

ಬ್ಯಾನರು ಹರಿದ ಕೂಡಲೇ ಬಾಗಿಲಿನ ಸಂದಿಯಿಂದ ಹೊಗೆ ನುಗ್ಗಿತು. ಆ ದಿನ ಪಡೆಯ ಹದಿನೆಂಟು ಪದಾಧಿಕಾರಿಗಳು ಇತಿಹಾಸದಲ್ಲಿ ಮೊದಲ ಸಲ ಓಡಿದರು. ದಿಕ್ಕು ಮಾತ್ರ ತಪ್ಪಾಗಿತ್ತು. ಹತ್ತೊಂಬತ್ತನೆಯವನು ಸಾಹುಕಾರ. ಅವನು ಓಡಲಿಲ್ಲ, ಎದ್ದು ನಿಲ್ಲುವಷ್ಟರಲ್ಲಿ ನೂಕಾಟದಲ್ಲಿ ಕುರ್ಚಿ ಸಮೇತ ವೇದಿಕೆಯಿಂದ ಕೆಳಗೆ ಬಿದ್ದ. ರುಮಾಲು ಒಂದು ಕಡೆ, ಶಾಲು ಒಂದು ಕಡೆ.

ಹನ್ನೆರಡು ಹಮಾಲರು ಖಾಕಿ ಅಂಗಿ ಕಿತ್ತೆಸೆದು ವೇದಿಕೆಯ ಹಲಗೆ ಎತ್ತಿ ಒಗೆದರು. ಸರಪಳಿ ಕಳಚಿದರು. ಹೆಂಗಸರು ಒಬ್ಬರ ಮೇಲೊಬ್ಬರು ಹೊರಗೆ ಬಿದ್ದರು. ಮೂರು ಕೂಸುಗಳೂ ಬಂದವು. ಅಷ್ಟರಲ್ಲಿ ಬೆಂಕಿ ಮಾಡಿಗೆ ಹತ್ತಿತ್ತು, ಪಕ್ಕದ ಹಮಾಲರ ಗುಡಿಸಲುಗಳು ಹತ್ತು ಮಾರು ದೂರವೂ ಇರಲಿಲ್ಲ. ಪಂಪು ಎಳೆದರು. ಅದರ ತೊಗಲಿನ ಬಿಲ್ಲೆ ಒಣಗಿ ಹಪ್ಪಳವಾಗಿತ್ತು, ಒಂದು ಉಗುಳಿನಷ್ಟು ನೀರೂ ಬರಲಿಲ್ಲ. ಫಕೀರವ್ವ ಅಡುಗೆಯವರ ಕಡೆ ಓಡಿ ಸಾರಿನ ಬಕೆಟ್ಟನ್ನು ನೆಲಕ್ಕೆ ಬೋರಲು ಹಾಕಿದಳು. ಉಳಿದ ಹೆಂಗಸರೂ ಹಾಕಿದರು. ಬಾವಿಯಿಂದ ಸಾಲು ನಿಂತಿತು. ಮೊದಲಿನ ಹಾಗೆ, ಬಂದ ಹಾಗೆ.

ಸಾಹುಕಾರ ನೆಲದ ಮೇಲೆ ಕೂತು ಕಣ್ಣು ಉಜ್ಜಿಕೊಳ್ಳುತ್ತಿದ್ದ. ಯಾರೋ ಅವನ ಮುಖಕ್ಕೆ ಒದ್ದೆ ಚಿಂದಿ ಕಟ್ಟಿ ಎಬ್ಬಿಸಿದರು. ರುಮಾಲಿಲ್ಲದ ಬೋಳು ತಲೆ, ಮಣ್ಣು ಮೆತ್ತಿದ ಧೋತರ, ಮುಖಕ್ಕೆ ಬಟ್ಟೆ. ಯಾರು ಗುರುತಿಸಬೇಕು? ಫಕೀರವ್ವ ಗದರಿದಳು:

"ಏ ಮುದುಕಾ, ನಿಂತು ಏನ ನೋಡ್ತಿ? ಬಕೀಟ ಹಿಡಿ!"

ಅವನು ಹಿಡಿದ. ಬಂದದ್ದನ್ನು ಹಿಡಿದ, ಮುಂದಿನವರಿಗೆ ಕೊಟ್ಟ. ಮತ್ತೆ ಬಂತು, ಮತ್ತೆ ಕೊಟ್ಟ. ಅಂಗೈ ಸುಲಿಯಿತು. ಸೊಂಟ ಹಿಡಿಯಿತು. ತನ್ನ ಹೆಸರು ಬರೆದ ಬಕೆಟ್ಟು ಅವನ ಕೈಯಲ್ಲೇ ನೂರು ಸಲ ದಾಟಿರಬೇಕು. ಓದುವುದಕ್ಕೆ ಬಿಡುವೆಲ್ಲಿ? ಮುಂದಿನದು ಬಂದುಬಿಡುತ್ತಿತ್ತು, ಕೈ ಖಾಲಿ ಇರಬೇಕಿತ್ತು. ಎರಡು ಗಂಟೆ ಹೊತ್ತು ಅವನನ್ನು ಯಾರೂ ಸಾಹುಕಾರ ಅನ್ನಲಿಲ್ಲ, ಅಧ್ಯಕ್ಷರೇ ಅನ್ನಲಿಲ್ಲ. 'ಹಿಡಿ' ಅಂದರು, 'ಬಿಡು' ಅಂದರು. ಆಶ್ಚರ್ಯ ನೋಡಿ, ಆ ಎರಡು ಗಂಟೆ ಅವನಿಗೆ ಹಸಿವಾಗಲಿಲ್ಲ. ಯಾವ ಹಸಿವು ಅಂತ ನಿಮಗೆ ಗೊತ್ತು.

ಬೆಂಕಿ ಆರಿತು. ವಖಾರಿ ಹೋಯಿತು, ಗುಡಿಸಲುಗಳು ಉಳಿದವು. ಯಾರೂ ಸಾಯಲಿಲ್ಲ. ಒಳಗೆ ಕಡೆಯವರೆಗೆ ಉಳಿದಿದ್ದ ಒಬ್ಬ ಹೆಣ್ಣುಮಗಳ ಕಣ್ಣು ಮಾತ್ರ ಮೊದಲಿನಂತಾಗಲಿಲ್ಲ. ತನ್ನ ಕೂಸಿನ ಮುಖವನ್ನು ಅವಳು ಆಮೇಲೆ ಮಂಜಿನಲ್ಲಿ ಕಂಡ ಹಾಗೆ ಕಂಡಳು.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಸಾಹುಕಾರನ ಅಹಂಕಾರ ಇಳಿಯಿತು, ಮಂಗಳಾರತಿ. ಆದರೆ ಮನುಷ್ಯ ಅಷ್ಟು ಬೇಗ ಇಳಿಯುವ ಪ್ರಾಣಿಯಲ್ಲ.

ಮರುದಿನ ಬೆಳಿಗ್ಗೆ ಸಾಹುಕಾರ ಎದ್ದ, ಅಂಗೈಯ ಬೊಬ್ಬೆ ನೋಡಿಕೊಂಡ. ಕೂಡಲೇ ಒಂದು ಯೋಚನೆ ಬಂತು: 'ಇದು ಜನಕ್ಕೆ ಗೊತ್ತೋ ಇಲ್ಲವೋ?' ಗೊತ್ತಿರಲಿಲ್ಲ. ಊರಲ್ಲೆಲ್ಲ ಒಂದೇ ಮಾತು, ಮೊದಲು ಓಡಿದವನೇ ಅಧ್ಯಕ್ಷ ಅಂತ. ಅಯ್ಯೋ! ಹದಿನೆಂಟು ವರ್ಷ ಏನೂ ಮಾಡದೆ ಹೊಗಳಿಸಿಕೊಂಡವನು ಒಂದು ದಿನ ಖರೆ ಕೆಲಸ ಮಾಡಿದ, ಆ ದಿನವೇ ಓಡಿಹೋದವನು ಅನ್ನಿಸಿಕೊಂಡ.

ಅವನು ಮಾಸ್ತರರ ಮನೆಗೆ ಹೋದ. "ಮಾಸ್ತರ, ಇತಿಹಾಸದಾಗ ಇನ್ನೊಂದು ಪುಟಾ ಸೇರಸಬೇಕು. ನಾ ನಿನ್ನಿ ಸಾಲಿನ್ಯಾಗ ನಿಂತಿದ್ದೆ."

"ಸೇರಸೂಣಲ್ರಿ, ಅದಕ್ಕೇನಂತ. ಎಲ್ಲಾರಕಿಂತ ಮುಂದ ನಿಂತಿದ್ದಿರಿ ಅಂತ ಬರೀಲಿ?"

"ಮುಂದ ಅಲ್ಲ ಮಾಸ್ತರ, ನಡುವ ನಿಂತಿದ್ದೆ. ಖರೇನ ನಿಂತಿದ್ದೆ!"

ಮಾಸ್ತರರು ಒಂದು ಕಣ್ಣು ಮಿಟುಕಿಸಿದರು. "ತಿಳೀತ್ರಿ ತಿಳೀತು. ಪ್ರೇರಣಾ ಅಂತ ಹಾಕ್ತೇನಿ."

ಚಹಾದ ಅಂಗಡಿಗೆ ಹೋಗಿ ಹೇಳಿದ. "ಹೌದೌದ್ರಿ ಸಾಹುಕಾರ್ರ, ನೀವ ಇದ್ರಿ, ನಾವು ನೋಡೇವಲ್ರಿ" ಅಂದರು. ಎಷ್ಟು ಬೇಗ ಅಂದರು! ಅವನು ಹೊರಗೆ ಕಾಲಿಡುವಷ್ಟರಲ್ಲಿ ಒಳಗೆ ನಗೆ. ಹದಿನೆಂಟು ವರ್ಷ ಸುಳ್ಳಿಗೆ ಹೌದು ಅಂದ ಬಾಯಿಗಳು ಖರೆಗೂ ಅದೇ ಹೌದು ಅಂದವು. ಅವನ ಅಂಗೈಯ ಬೊಬ್ಬೆಯನ್ನು ಒಬ್ಬನೂ ತಿರುಗಿ ನೋಡಲಿಲ್ಲ.

ಕಡೆಗೆ ಫಕೀರವ್ವನ ಗುಡಿಸಲಿಗೆ ಹೋದ. ಅವಳು ಭುಜಕ್ಕೆ ಎಣ್ಣೆ ಹಚ್ಚಿಕೊಂಡು ಬಾಗಿಲಲ್ಲಿ ಕೂತಿದ್ದಳು. ಅವನನ್ನು ನೋಡಿ ಸೆರಗು ಸರಿಮಾಡಿಕೊಂಡು ಎದ್ದಳು.

"ಫಕೀರವ್ವಾ, ನಿನ್ನಿ ಸಾಲಿನ್ಯಾಗ ನಿನ್ನ ಹಿಂದ ಯಾರ ಇದ್ದರು, ನೆನಪೈತೇನ?"

"ಯಾರಿಗೆ ಗೊತ್ರಿ. ಎಲ್ಲಾರದೂ ಮಾರಿ ಕಟ್ಟಿತ್ತು. ಒಬ್ಬಾಂವ ಮುದುಕ ಇದ್ದ. ಅರ್ಧಾ ನೀರು ನನ್ನ ಕಾಲಮ್ಯಾಲ ಚೆಲ್ಲಿದ, ಸುಡಗಾಡ."

"ಆಂವ ನಾನವ್ವಾ."

ಫಕೀರವ್ವ ಅವನ ಕೈ ನೋಡಿದಳು. ಬೊಬ್ಬೆ ನೋಡಿದಳು. ನಂಬಿದಳು. ಇಡೀ ಊರಲ್ಲಿ ನಂಬಿದವಳು ಅವಳೊಬ್ಬಳೇ. ಸಾಹುಕಾರನಿಗೆ ಎದೆ ತುಂಬಿ ಬಂತು, ಇನ್ನೇನು ಹೊಗಳುತ್ತಾಳೆ ಅಂತ ನಿಂತ. ಅವಳು ಕೇಳಿದಳು:

"ಸಾಹುಕಾರ್ರ, ನಿಮ್ಮ ಕುರ್ಚಿ ಬಾಗಿಲಕ್ಕ ಹತ್ತೇ ಇತ್ತಲ್ರಿ. ನಾವು ಬಡದದ್ದು ನಿಮಗ ಕೇಳಿತ್ತೇನ್ರಿ?"

ಅವನು ಬಾಯಿ ತೆರೆದ. ಮೈಕಿನ ಸದ್ದಿತ್ತು ಅನ್ನಬಹುದಿತ್ತು. ಡೊಳ್ಳು ಅಂದುಕೊಂಡೆ ಅನ್ನಬಹುದಿತ್ತು. ಅವಳು ಅದನ್ನೂ ನಂಬುತ್ತಿದ್ದಳೇನೋ. ಗುಡಿಸಲಿನ ಒಳಗೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹೆಣ್ಣುಮಗಳು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಸಾಹುಕಾರ ಅತ್ತ ನೋಡಿದ, ಇತ್ತ ನೋಡಿದ. ತಲೆ ತಗ್ಗಿಸಿದ.

"ಕೇಳಿತ್ತವ್ವಾ" ಅಂದ.

ಅವಳು ಭುಜದ ಎಣ್ಣೆ ಒರೆಸಿಕೊಂಡಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ಕ್ಷಮಿಸಿದೆ ಅಂತಲೂ ಅನ್ನಲಿಲ್ಲ. ಕ್ಷಮಿಸುವುದು ಅವಳೊಬ್ಬಳ ಪಾಲಿನದಾಗಿರಲಿಲ್ಲ. ಕಡೆಗೆ ಎಣ್ಣೆಯ ಬಟ್ಟಲು ಎತ್ತಿಕೊಂಡು, ಒಳಗೆ ಹೋಗುತ್ತ ಹೇಳಿದಳು:

"ಅಮಾಸಿ ದಿನಾ ಬಾವಿ ಕಡೆ ಬರ್ರಿ. ಚೆಲ್ಲದಂಗ ಹಿಡಿಯೂದು ಕಲಿಸ್ತೇನಿ."

ಅವನು ಹೋದನೇ? ಹೋದ. ನಿಂತಿದ್ದ ಅಭ್ಯಾಸ ಮತ್ತೆ ಶುರುವಾಯಿತು. ಅಧ್ಯಕ್ಷಗಿರಿ ಬಿಟ್ಟ. ರೈಲು ಕಂಬಿ ಬಡಿಯಲು ಯಾರ ಅಪ್ಪಣೆಯೂ ಬೇಡವೆಂದು ಬರೆಸಿದ. ಇತಿಹಾಸದ ಪುಸ್ತಕ ಏನಾಯಿತು ಅಂತೀರಾ? ಮಾಸ್ತರರು ಒಂದಕ್ಷರ ತಿದ್ದಲು ಒಪ್ಪಲಿಲ್ಲ. "ಅಚ್ಚಾದ್ದು ಇತಿಹಾಸ ಆತ್ರಿ, ಈಗ ಅದು ನಿಮ್ಮ ಕೈಯಾಗಿಲ್ಲ" ಅಂದರಂತೆ. ಸಾಹುಕಾರನನ್ನು ನಾನು ಸಂತ ಮಾಡುವುದಿಲ್ಲ. ಎಲ್ಲಾದರೂ ಹಾರ ಕಂಡರೆ ಆಮೇಲೂ ಅವನ ಕುತ್ತಿಗೆ ತಾನಾಗಿ ಬಗ್ಗುತ್ತಿತ್ತಂತೆ. ಆದರೆ ಅಮಾವಾಸ್ಯೆ ತಪ್ಪಿಸಲಿಲ್ಲ. ಮೂರು ವರ್ಷ ಬೇಕಾಯಿತು ಅವನಿಗೆ, ಒಂದು ಕೊಡ ತುಳುಕದೆ ದಾಟಿಸಲು.

ಮುಗಿಯಿತು ಕಥೆ. ಎಷ್ಟು ಚೆನ್ನಾಗಿ ನಕ್ಕಿರಿ ನೀವು! ಸಾಹುಕಾರನನ್ನು ನೋಡಿ ನಕ್ಕಿರಿ, ಮಾಸ್ತರರನ್ನು ನೋಡಿ ನಕ್ಕಿರಿ. ಈಗ ನಗುವುದು ಬಿಟ್ಟು ಹೇಳಿ, ನಿಮ್ಮ ಬೆನ್ನ ಹಿಂದೆ ಬಾಗಿಲು ಬಡಿಯುವವರು ಯಾರು?

ಗೊತ್ತಿಲ್ಲ ಅನ್ನಬೇಡಿ. ಪಕ್ಕದ ಮನೆಯಲ್ಲಿ ಗಂಡ ಹೆಂಡತಿಯನ್ನು ಹೊಡೆಯುವ ಸದ್ದು ಕೇಳುತ್ತದೆ, ಅವರ ಮನೆಯ ವಿಚಾರ ಅಂತ ಟೀವಿ ಜೋರು ಮಾಡುತ್ತೀರಿ. ಸೊಸೆಗೆ ಮೂರು ದಿನದಿಂದ ಜ್ವರ, ಪಾತ್ರೆಯ ಸದ್ದಿನಲ್ಲೇ ಗೊತ್ತಾಗುತ್ತದೆ, ನೀವು ಇಲ್ಲಿ ಕೂತು ದಯೆಯ ಬಗ್ಗೆ ಕೇಳುತ್ತೀರಿ. ರಕ್ತ ಕೊಟ್ಟರೆ ಸೂಜಿ ಚುಚ್ಚುವ ಮೊದಲೇ ಫೋಟೋ. ಆಸ್ಪತ್ರೆಯ ರೋಗಿಗೆ ಒಂದು ಬಾಳೆಹಣ್ಣು ಕೊಡಲು ಹನ್ನೊಂದು ಕೈ, ಹನ್ನೊಂದು ಕೈಯವರ ಕಣ್ಣೂ ಕ್ಯಾಮೆರಾದ ಮೇಲೆ. ಹಣ್ಣು ಹಿಡಿದವನ ಮುಖ ಹೇಗಿತ್ತು ಅಂತ ಕೇಳಿದರೆ ಒಬ್ಬರಿಗೂ ನೆನಪಿಲ್ಲ!

ಅದಕ್ಕೆ ಬಹಳ ಹೇಳುವುದಿಲ್ಲ. ಈ ವಾರ ಒಂದು ಕೆಲಸ ಮಾಡಿ, ಮಾಡಿ ಸುಮ್ಮನಿರಿ. ಹೆಂಡತಿಗೂ ಹೇಳಬೇಡಿ. ಗಂಡನಿಗಂತೂ ಹೇಳಲೇಬೇಡಿ, ಅವನು ತಾನೇ ಮಾಡಿದ್ದು ಅನ್ನುತ್ತಾನೆ. ಹೇಳಬೇಕು ಅಂತ ನಾಲಿಗೆ ಕಡಿಯುತ್ತದೆ, ಕಡಿಯಲಿ. ಆ ಕಡಿತವೇ ನಿಮ್ಮ ರೋಗದ ಗುರುತು. ಇನ್ನು ಬಡಿತ ಕೇಳಿಯೂ ಕೇಳದ ಹಾಗೆ ನೀವು ಬಿಟ್ಟ ಒಂದು ಬಾಗಿಲು ಇದೆಯಲ್ಲ, ಇವತ್ತು ಮಲಗುವ ಮೊದಲು ಅದನ್ನು ತೆರೆಯಿರಿ. ಅಲ್ಲಿರುವವರು 'ಕೇಳಿತ್ತೇನು?' ಅಂದರೆ ಕಾರಣ ಹೇಳಬೇಡಿ. ಕೇಳಿತ್ತು ಅನ್ನಿ.

ಈಗ ಸಮಿತಿಯವರು ನನ್ನ ಕೈಗೆ ಒಂದು ಚೀಟಿ ಕೊಟ್ಟಿದ್ದಾರೆ. ಇವತ್ತಿನ ದಾಸೋಹಕ್ಕೆ ಕೊಟ್ಟವರ ಹೆಸರು, ಹದಿನೇಳು ಇವೆ, ಓದಿ ಶಾಲು ಹೊದಿಸಬೇಕಂತೆ. ನೋಡಿ, ಮಡಚಿದೆ, ಕಿಸೆಯಲ್ಲಿಟ್ಟೆ. ಸಿಟ್ಟು ಬಂದವರು ಹೋಗಬಹುದು, ಉಳಿದವರು ಊಟಕ್ಕೆ ಏಳಿ. ಆ ಹದಿನೇಳು ಜನ ಮಾತ್ರ ಅಂಗಿಯ ತೋಳು ಮೇಲೆ ಮಾಡಿಕೊಂಡು ಹಿಂದಿನ ಅಂಗಳಕ್ಕೆ ಬನ್ನಿ. ತಾಟು ತೊಳೆಯುವ ಕಡೆ ಜನ ಕಡಿಮೆ ಇದ್ದಾರೆ. ನಾನೂ ಬರುತ್ತೇನೆ.